ಕಲ್ಲುಪ್ಪು ತೊಳೆದವರು

ಬೆಳಗಿನ ಆರೂಕಾಲು. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದ ಕಲ್ಲಿನ ಕೋಣೆಯಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಾರೆ. ಕಲ್ಲೊಂದನ್ನು ಎತ್ತಿ ಅಂಗೈಯಲ್ಲಿ ತೂಗುತ್ತಾರೆ, ಉಗುರಿನಿಂದ ಗೀರುತ್ತಾರೆ, ಕೆನ್ನೆಗೆ ಒತ್ತಿಕೊಳ್ಳುತ್ತಾರೆ. "ಬಳಪದ ಕಲ್ಲು. ನೂರಾ ಹದಿನೇಳು," ಎಂದು ಕಿಟಕಿಯ ಬೆಳಕಿಗೆ ಹಿಡಿದು, ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಯುತ್ತಾರೆ.

ಹುದ್ದೆಯಲ್ಲಿ ಅಟೆಂಡರ್, ವಿದ್ಯಾರ್ಥಿಗಳ ಬಾಯಲ್ಲಿ ಕಲ್ಲಕ್ಕ. ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ನಾನೂರ ಹನ್ನೆರಡು ಕಲ್ಲುಗಳನ್ನು ಕಾಯ್ದವರು. "ಮನೇಲಿ ಬೇಳೆಯೊಳಗೆ ಕಲ್ಲು ಆರಿಸ್ತಾಳೆ, ಇಲ್ಲಿ ಕಲ್ಲೊಳಗೆ ಕಲ್ಲು ಆರಿಸ್ತಾಳೆ," ಎಂದು ಬಸ್ ಓಡಿಸುವ ಗಂಡ ರೇಗಿಸುತ್ತಾರಂತೆ. ಓದಿದ್ದು ಏಳನೇ ತರಗತಿ. ಆದರೆ ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠ ಇವರದೇ. ಬಟ್ಟೆಚೀಲದೊಳಗೆ ಐದು ಕಲ್ಲು ಹಾಕಿ, "ಕಣ್ಣು ಬೇಡ, ಕೈ ಹಾಕಿ ಹೇಳಿ," ಎನ್ನುತ್ತಾರೆ. ತಣ್ಣಗಿರುವುದು ಯಾವುದು, ಜಾರುವುದು ಯಾವುದು, ಪದರು ಬಿಡುವುದು ಯಾವುದು? ಕೊನೆಗೆ ಕಲ್ಲುಪ್ಪಿನ ಗಟ್ಟಿಯನ್ನು ನಾಲಿಗೆಗೆ ತಾಗಿಸಿ ನೋಡಬೇಕು. ಮುಖ ಕಿವುಚಿದ ಯಾರೂ ಆ ಪಾಠ ಮರೆತಿಲ್ಲ.

ಈ ವರ್ಷ ಪಠ್ಯಕ್ರಮ ಸುಧಾರಣೆ ಬಂದಿದೆ. ವಸ್ತುಗಳನ್ನು ಮುಟ್ಟಿ ಕಲಿಯಬೇಕು ಎಂದು ಸಮಿತಿ ಇನ್ನೂರು ಪುಟ ಬರೆದಿದೆ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ ಹೆಂಗಸನ್ನು ಒಂದು ಮಾತು ಕೇಳಿಲ್ಲ. ಹೇಳುವುದು ವೇದ, ಹಾಕುವುದು ಗಾಳ. ಮುಟ್ಟಿ ಕಲಿಯುವ ಕೋಣೆಗೆ ಗಾಜಿನ ಕಪಾಟು ಬಂತು, ಗಾಜಿಗೆ ಬೀಗ ಬಂತು, ಬೀಗದ ಮೇಲೆ 'ಮುಟ್ಟಬಾರದು' ಎಂಬ ಫಲಕವೂ ಬಂತು. ಕಲ್ಲಕ್ಕನಿಗೆ ಬಂದದ್ದು ವರ್ಗಾವಣೆಯ ಕಾಗದ: ಮುಂದಿನ ತಿಂಗಳಿಂದ ಉತ್ತರಪತ್ರಿಕೆಗಳ ಗೋದಾಮಿಗೆ.

ಕಳೆದ ವಾರ ಅವರು ಒಂದು ದಿನ ರಜೆ ಹಾಕಿದ್ದರು. ಬರುವ ಸೋಮವಾರದ ಉದ್ಘಾಟನೆಗೆ ಕಲ್ಲುಗಳು ಫಳಫಳ ಹೊಳೆಯಲಿ ಎಂದು ಸಮಿತಿಯವರು ಆಳು ಕರೆಸಿ, ಅಷ್ಟನ್ನೂ ಸೋಪಿನ ನೀರಲ್ಲಿ ನೆನೆಹಾಕಿ ಉಜ್ಜಿಸಿದರು. ಸಂಖ್ಯೆಗಳೆಲ್ಲ ಅಳಿಸಿಹೋದವು. ಕಲ್ಲುಪ್ಪನ್ನೂ ಬಕೆಟ್ಟಿಗೆ ಹಾಕಿದ್ದರು. ಭೂವಿಜ್ಞಾನ ವಿಭಾಗದಲ್ಲಿ, ಮೂವರು ಪ್ರಾಧ್ಯಾಪಕರ ಕಣ್ಣೆದುರೇ, ಉಪ್ಪನ್ನು ನೀರಲ್ಲಿ ತೊಳೆದರು! ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

"ಬಂದು ನೋಡಿದ್ರೆ ಬಕೆಟ್ಟಲ್ಲಿ ನೀರು ಮಾತ್ರ. ಬೆರಳದ್ದಿ ನೆಕ್ಕಿದೆ, ಉಪ್ಪುಪ್ಪು. ಸಿಟ್ಟು ಬಂತು. ಎಷ್ಟು ಸಿಟ್ಟು ಅಂದ್ರೆ ಅಳೋಕೂ ಆಗ್ಲಿಲ್ಲ," ಎನ್ನುತ್ತಾರೆ ಕಲ್ಲಕ್ಕ.

ಉಳಿದದ್ದು ನಾನೂರ ಹನ್ನೊಂದು. ದಿನಕ್ಕೆ ಅರವತ್ತೆಂಟರಂತೆ ಐದು ದಿನದಲ್ಲಿ ಮುನ್ನೂರ ನಲವತ್ತಕ್ಕೆ ಮತ್ತೆ ಸಂಖ್ಯೆ ಬರೆದಿದ್ದಾರೆ; ಇವತ್ತು ಬೆಳಗಿನ ಬಳಪದ ಕಲ್ಲು ಅದರಲ್ಲಿ ಕೊನೆಯದು. ಇನ್ನುಳಿದ ಎಪ್ಪತ್ತೊಂದನ್ನು ಸಮಿತಿಯವರು ಫೋಟೋ ತೆಗೆಸುವ ಅವಸರಕ್ಕೆ ನಿನ್ನೆ ಸಂಜೆ ಹಾಗೇ ಗಾಜಿನೊಳಗಿಟ್ಟು ಬೀಗ ಜಡಿದಿದ್ದಾರೆ.

ಒಂಬತ್ತೂವರೆಗೆ ಸಮಿತಿಯ ಅಧ್ಯಕ್ಷರು ಬರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಚೀಲಕ್ಕೆ ಕೈ ಹಾಕಿ, ಇದೇ ಕಲ್ಲುಪ್ಪು ನೆಕ್ಕಿದ ವಿದ್ಯಾರ್ಥಿ ಅವರು. ಕೈಯಲ್ಲಿ ಅಚ್ಚು ಹಾಕಿಸಿದ ಹೆಸರಿನ ಚೀಟಿಗಳು. ಗಾಜಿನ ಮೇಲೆ ಬೆರಳಿಟ್ಟು, "ಇದು ಯಾವುದು ಕಲ್ಲಕ್ಕ? ಬೇಗ ಹೇಳಿಬಿಡಿ, ಚೀಟಿ ಅಂಟಿಸ್ತೀವಿ," ಎನ್ನುತ್ತಾರೆ.

ಕಲ್ಲಕ್ಕ ಗಾಜಿನ ಹತ್ತಿರವೂ ಹೋಗುವುದಿಲ್ಲ. ಕೈ ಒರೆಸಿಕೊಳ್ಳುತ್ತಾರೆ.

"ಗಾಜಿನಾಚೆಯಿಂದ ನಂಗೆ ಗೊತ್ತಾಗಲ್ಲ ಸಾರ್. ನಿಮಗೂ ಗೊತ್ತಾಗಲ್ಲ, ಅದಕ್ಕೇ ಕೇಳ್ತಿದ್ದೀರಿ. ಇಲ್ಲಿ ಓದೋ ಮಕ್ಕಳಿಗಂತೂ ಸುತರಾಂ ಗೊತ್ತಾಗಲ್ಲ. ಗೋದಾಮಿಗೆ ಹೋಗು ಅಂದ್ರೆ ಹೋಗ್ತೀನಿ. ಮೊದಲು ಬೀಗ ತೆಗೀರಿ."

ಅಧ್ಯಕ್ಷರು ಜೇಬಿನಲ್ಲಿ ಬೀಗದ ಕೈ ಹುಡುಕುತ್ತಾರೆ. ಕಲ್ಲಕ್ಕ ಆಗಲೇ ಬಟ್ಟೆಚೀಲ ತೆರೆದು ಹಿಡಿದಿದ್ದಾರೆ.