ಗಂಗವ್ವ ತಿರುಗಿ ಕೊಟ್ಟ ಉಡಿ

ನಿಮ್ಮ ಮುಂದೆ ಮುಚ್ಚಿಡುವುದೇನು, ನಾನು ಹಡಗು ಎಂಬುದನ್ನು ಮೊದಲು ನೋಡಿದ್ದು ಬೆಂಕಿಪೊಟ್ಟಣದ ಮೇಲೆ. ಒಲೆ ಹೊತ್ತಿಸುವಾಗ ಎಷ್ಟೋ ವರ್ಷ ಅದನ್ನು ಬೆರಳಲ್ಲಿ ಹಿಡಿದಿದ್ದೇನೆ; ಅಂಥದ್ದರೊಳಗೆ ಮನುಷ್ಯರು ಕೂತು ಹೋಗುತ್ತಾರೆ ಎಂದು ಯೋಚಿಸಿದವಳಲ್ಲ. ಮುಂಡರಗಿ ತಾಲ್ಲೂಕಿನ ನಮ್ಮ ಹಿರೇವಡ್ಡಟ್ಟಿಯಲ್ಲಿ ನೀರೆಂದರೆ ಕೊಡದೊಳಗೆ ಇರುವುದು, ತಲೆಯ ಮೇಲೆ ಬರುವುದು. ನಾವು ಅದನ್ನು ಹೊರುತ್ತೇವೆ. ಅದು ನಮ್ಮನ್ನು ಹೊರುತ್ತದೆ ಎಂದರೆ ನಂಬುವುದು ಹೇಗೆ? ಅಂಥ ನಾನು ಈ ಬೇಸಿಗೆಯಲ್ಲಿ ದೋಣಿ ಹತ್ತಿ ಹೊನ್ನಾವರದ ಹಳೆಯ ಬಂದರಿಗೆ ಹೋಗಿ ಬಂದೆ. ಬರೀ ಹೋಗಲಿಲ್ಲ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋದೆ. ಈ ಸಂಗತಿಯನ್ನು ಓಣಿಯಲ್ಲಿ ಎಲ್ಲರಿಗೂ ಹೇಳಿಯಾಗಿದೆ, ಕೆಲವರಿಗೆ ಮತ್ತೆ ಮತ್ತೆ. ಈಗ ನನ್ನನ್ನು ಕಂಡರೆ ಜನ ಬೇರೆ ಸಂದಿ ಹಿಡಿಯುತ್ತಾರೆ. ಅದಕ್ಕೇ ಬರೆಯಲು ಕೂತೆ. ನನ್ನದು ನಾಲ್ಕನೇ ಇಯತ್ತೆಯ ಅಕ್ಷರ; ಎಲ್ಲಾದರೂ ಒತ್ತು ಬಿಟ್ಟುಹೋದರೆ ನೀವೇ ಹಚ್ಚಿಕೊಂಡು ಓದಿ.

ನನ್ನ ಮಗಳು ಗಿರಿಜಾ ಸರಕಾರಿ ಶಾಲೆಯಲ್ಲಿ ನೌಕರಿ ಸಿಕ್ಕು ಶರಾವತಿ ದಂಡೆಗೆ ಹೋದವಳು. ಶಾಲೆ ಇದ್ದದ್ದು ನದಿಯ ನಡುಗಡ್ಡೆಯಲ್ಲಿ. ದಿನಾ ದೋಣಿಯಲ್ಲಿ ದಾಟಬೇಕು, ದಿನಾ ದೋಣಿ ನಡೆಸುವ ದೇವಿದಾಸನ ಮುಖ ನೋಡಬೇಕು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮದುವೆಯಲ್ಲಿ ನಮ್ಮ ಬಂಧುಗಳು ಮೀನಿನ ವಾಸನೆ ಹುಡುಕುತ್ತ ಮೂಗು ಏರಿಸಿದರು, ಅವರ ಬಂಧುಗಳು ನಮ್ಮ ಕಟಕ ರೊಟ್ಟಿಯನ್ನು ಹಪ್ಪಳ ಎಂದು ತಿಳಿದು ಕಡೆಗೆ ತಿನ್ನಲು ಎತ್ತಿಟ್ಟರು. ಅಳಿಯ ಮಾತ್ರ ಬಂಗಾರದಂಥವನು. ಈಗ ಪ್ರವಾಸಿಗಳನ್ನು ಕೂರಿಸಿಕೊಂಡು ಹೊಳೆ ತೋರಿಸುವ, ಮೇಲೆ ಚಪ್ಪರವಿರುವ ದೊಡ್ಡ ದೋಣಿ ಇಟ್ಟಿದ್ದಾನೆ.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ನಾನು ಅಟ್ಟದಿಂದ ತೊಟ್ಟಿಲು ಇಳಿಸಿದ್ದೆ, ಅಂಟಿನುಂಡೆಗೆ ಒಣಕೊಬ್ಬರಿ ತುರಿದಿಟ್ಟಿದ್ದೆ. ಕರೆಯಲು ಹೋಗುವ ದಿನಕ್ಕೆ ಮೊದಲೇ ಫೋನು ಬಂತು. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ನಾವು ಮುಟ್ಟುವ ಹೊತ್ತಿಗೆ ಅದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಅಂಗೈ ಅಗಲದ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಯಾರಾದರೂ ಕರೆದು ಕೈಗೆ ಕೊಟ್ಟಾರು ಎಂದು ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದೆ. ಯಾರೂ ಕರೆಯಲಿಲ್ಲ. ಮುಟ್ಟುವ ಕಾಲ ಅದಾಗಿರಲಿಲ್ಲ. ತೊಟ್ಟಿಲು ನಮ್ಮ ಪಡಸಾಲೆಯಲ್ಲಿ ಖಾಲಿ ತೂಗುತ್ತಿತ್ತು. ಬೆಕ್ಕು ಒಳಗೆ ಮಲಗಿದರೂ ಎಬ್ಬಿಸುವ ಮನಸ್ಸು ನನಗಿರಲಿಲ್ಲ.

ಆ ಕೂಸನ್ನು ಉಳಿಸಿ ಬೆಳೆಸಿದವಳು ಬೀಗ್ತಿ, ದೇವಿದಾಸನ ತಾಯಿ ನಾಗವೇಣಿ. ಎದೆಗೆ ಅವಚಿಕೊಂಡು ಕೂತೇ ನಿದ್ದೆ ಮಾಡಿದಳಂತೆ. ಬೇಸಿಗೆಯ ಹೊತ್ತಿಗೆ ಕೂಸಿನ ಕೆನ್ನೆ ತುಂಬಿತು, ನಗು ಬಂತು. ಆಗ ನಾನು, ನಮ್ಮವರು ಇಬ್ಬರೂ ತಾಯಿ ಮಗುವನ್ನು ಕರೆತರಲು ಹೊರಟೆವು. ನಾಗವೇಣಿ ಬಾಯಿ ಬಿಟ್ಟು ಬೇಡ ಎನ್ನಲಿಲ್ಲ.

"ಅಕ್ಕಾ, ನಿಮ್ಮ ಬದಿ ಬಿಸಿಲು ಜೋರಲ್ದಾ? ಮಳೆ ಬಿದ್ದ ಮೇಲೆ ಕರ್ಕೊಂಡು ಹೋಗಿ" ಎಂದಳು.

"ಮಳಿ ಬೀಳೂದಕ್ಕ ಗಿರಿಜಾನ ರಜಾ ಮುಗಿದು ಶಾಲಿ ಚಾಲೂ ಆಗತಾವ್ರಿ. ಅಷ್ಟರಾಗ ಕೂಸು ಅಂಬೆಗಾಲ ಇಡತೈತಿ. ನನ್ನ ತೊಟ್ಟಲಾ ಯಾವಾಗ ತೂಗ್ಲಿ ಹೇಳ್ರಿ?" ಎಂದೆ.

ಅವಳು ಕೂಸಿನ ಕಾಲ್ಬೆರಳುಗಳನ್ನು ಒಂದೊಂದಾಗಿ ಸವರಿದಳು. ಕಡೆಗೆ, "ಬಂದರದವರೆಗೆ ನಾನೂ ಬರ್ತೇನೆ. ಮಗು ಹ್ಯಾಗಿರ್ತದೆ ನೋಡಿ, ಕಳಿಸೂದಾ ಬ್ಯಾಡ್ವಾ ಅಲ್ಲಿ ಹೇಳ್ತೇನೆ" ಎಂದಳು. ರಸ್ತೆಯ ಕುಲುಕಾಟಕ್ಕಿಂತ ದೋಣಿಯೇ ಮಗುವಿಗೆ ಹಿತ ಎಂದು ದೇವಿದಾಸ ಒಂದು ದಿನ ಪ್ರವಾಸಿಗಳನ್ನು ಬಿಟ್ಟು ನಮಗಾಗಿ ದೋಣಿ ತೆಗೆದ.

ಬೆಳಗಿನ ತಂಪಿನಲ್ಲಿ ಹೊರಟೆವು. ಇಂಜಿನ್ನನ್ನು ಸಣ್ಣಗೆ ಇಟ್ಟು, ಆಗಾಗ ನಿಲ್ಲಿಸಿ, ತೆಂಗಿನ ತೋಟಗಳ ನಡುವೆ ನಿಧಾನವಾಗಿ ಇಳಿದೆವು. ನಮ್ಮವರು ದೋಣಿಯ ಅಂಚನ್ನು ಚಕ್ಕಡಿಯ ಗೂಟದಂತೆ ಗಟ್ಟಿಯಾಗಿ ಹಿಡಿದು ಕೂತಿದ್ದರು. ಬಹಳ ದೂರ ಹೋದ ಮೇಲೆ ಧೈರ್ಯ ಬಂದು ಬೊಗಸೆ ನೀರು ಕುಡಿದರು, ಕುಡಿದವರು ಕಣ್ಣು ಮುಚ್ಚಿಕೊಂಡರು.

"ಏನಾತ್ರಿ?" ಎಂದೆ.

"ಏನಿಲ್ಲ ಬಿಡ. ಯಾರೋ ಉಪ್ಪು ಹಾಕ್ಯಾರ, ಒಗ್ಗರಣಿ ಕೊಡೂದು ಮರತಾರ" ಎಂದರು.

ಹಾಲು ಕುಡಿಸುತ್ತಿದ್ದ ಗಿರಿಜಾ ನಕ್ಕದ್ದಕ್ಕೆ ಮಗುವಿಗೆ ಹಾಲು ನೆತ್ತಿಗೇರಿತು. ನಾಗವೇಣಿ ಬೆನ್ನು ನೀವಿ, "ಅಣ್ಣ, ನಗಿಸ್ಬೇಡಿ ಮಾರಾಯ್ರೆ" ಎಂದು ನಗುತ್ತಲೇ ಬೈದಳು. ಅವಳು ನಕ್ಕದ್ದನ್ನು ಆ ದಿನ ನಾನು ಮೊದಲು ನೋಡಿದ್ದು ಆಗ.

ದಾರಿಯುದ್ದಕ್ಕೂ ಗಿರಿಜಾ ಶಾಲೆಯ ಮಕ್ಕಳಿಗೆ ಹೇಳುವಂತೆ ನಮಗೆ ಆ ಬಂದರಿನ ಹಿಂದಿನ ಕತೆ ಹೇಳಿದಳು. ಅರಬರ ದೇಶದ ಕುದುರೆಗಳು ಅಲ್ಲಿ ಹಡಗಿನಿಂದ ಇಳಿಯುತ್ತಿದ್ದವಂತೆ. ಘಟ್ಟದ ಕೆಳಗಿನ ಕಾಳುಮೆಣಸು ಅಲ್ಲಿಂದಲೇ ಹಡಗು ಹತ್ತುತ್ತಿತ್ತಂತೆ. ಇದೆಲ್ಲ ರಾಜರ ವ್ಯವಹಾರ, ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಆಗ ಅವಳು, "ಯವ್ವಾ, ನಿನ್ನ ಹೊಲದಾಗಿನ ಮೆಣಸಿನಕಾಯಿನೂ ಪರದೇಶದ್ದ. ಇಂಥಾ ಬಂದರಕ್ಕನ ಹಡಗದಾಗ ಬಂದು ಇಳದೈತಿ" ಎಂದಳು. ನಾನು ದಂಗಾದೆ. ನಮ್ಮ ಕೆಂಪು ಚಟ್ನಿಯ ಮೆಣಸಿನಕಾಯಿ! ಅದಿಲ್ಲದೆ ನಮ್ಮ ಹಿರಿಯರು ರೊಟ್ಟಿ ಹೇಗೆ ನುಂಗಿದರು? ನೀರಿನ ಮೇಲೆ ಅಷ್ಟು ದೂರ ಬಂದದ್ದು ಹಿರೇವಡ್ಡಟ್ಟಿಯ ಕರಿಮಣ್ಣಿನಲ್ಲಿ ಬೇರು ಬಿಟ್ಟಿದೆ, ತನ್ನ ತವರಿಗೆ ತಿರುಗಿ ಹೋಗಿಯೇ ಇಲ್ಲ. ಪಾಪ ಎನ್ನಿಸಿತು. ಮೆಣಸಿನಕಾಯಿಯ ಬಗ್ಗೆ ಪಾಪ ಎನ್ನಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಹೊಳೆ ಹಿಗ್ಗುತ್ತ ಹೋಯಿತು. ದೂರದಲ್ಲಿ ಬಂದರಿನ ದೋಣಿಗಳ ಬಾವುಟಗಳು ಕಂಡವು. ನಾನು ಅಳಿಯನಿಗೆ ದೋಣಿ ನಿಲ್ಲಿಸಲು ಹೇಳಿದೆ. ಕೂಸು ಮೊದಲ ಸಲ ನೀರು ದಾಟುವಾಗ ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬಬೇಕು. ಗಿರಿಜಾಳನ್ನು ಎತ್ತಿಕೊಂಡು ನಾನು ನನ್ನ ತವರಾದ ಲಕ್ಷ್ಮೇಶ್ವರದಿಂದ ಹೊರಟಾಗ, ದಾರಿಯ ಹಳ್ಳ ಬತ್ತಿ ಬಿಳಿ ಉಸುಕಾಗಿತ್ತು. ಆದರೂ ನಮ್ಮವ್ವ ಬಿಡಲಿಲ್ಲ. ಉಸುಕಿನ ಮೇಲೆ ಎಲೆ, ಅಡಿಕೆ, ಅರಿಷಿಣ ಕೊಂಬು ಇಟ್ಟು, "ನೀರು ಬಂದಾಗ ತಗೋತಾಳ, ನೀ ನಡಿ" ಎಂದಿದ್ದಳು. ನಮ್ಮ ಕಡೆಯ ಗಂಗವ್ವ ತಡ ಮಾಡುತ್ತಾಳೆ, ಆದರೆ ಕೊಟ್ಟದ್ದನ್ನು ತಿರುಗಿ ಕೊಡುವುದಿಲ್ಲ. ನಮ್ಮ ಹಳ್ಳ, ನಮ್ಮ ತುಂಗಭದ್ರೆ, ಎಲ್ಲದಕ್ಕೂ ಒಂದೇ ದಾರಿ: ಹೋಗುವುದು.

ಹಸಿರು ಕುಪ್ಪಸದ ಖಣದಲ್ಲಿ ತೆಂಗಿನಕಾಯಿ, ಹಿಡಿ ಅಕ್ಕಿ, ಅರಿಷಿಣ ಕೊಂಬು ಇಟ್ಟು ಬಿಗಿಯಾಗಿ ಗಂಟು ಕಟ್ಟಿದ್ದೆ. ಕೂಸಿನ ಹಣೆಗೆ ಮುಟ್ಟಿಸಿ ನೀರಿಗೆ ಬಿಟ್ಟೆ. "ತಾಯಿ, ಇದು ನಿನ್ನ ಕೂಸು. ದಾಟಿಸಿ ನನ್ನ ಮನಿ ಮುಟ್ಟಿಸು" ಎಂದೆ. ಗಂಟು ತೇಲುತ್ತ ಬಂದರಿನ ಕಡೆಗೆ ಹೋಯಿತು. ನನ್ನ ಎದೆ ಹಗುರಾಯಿತು.

ಬಿಸಿಲೇರಿತ್ತು. ಊರು ಮುಟ್ಟುವ ಮೊದಲು ಒಂದು ಸಣ್ಣ ನಡುಗಡ್ಡೆಯ ನೆರಳಿಗೆ ದೋಣಿ ಕಟ್ಟಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ನಾಗವೇಣಿ ತಂದ ಕುಚ್ಚಲಕ್ಕಿ ಅನ್ನ. ಉಂಡು, ಮಗುವನ್ನು ಮಲಗಿಸಿ, ಎಲ್ಲರೂ ತೂಕಡಿಸಿದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ನೀರು ನೋಡುತ್ತ ಕೂತೆ. ಎಲೆಗಳು, ನೊರೆ, ಒಂದು ಮುರಿದ ಕಡ್ಡಿ. ನೋಡನೋಡುತ್ತ ಅವೆಲ್ಲ ಸುಮ್ಮನೆ ನಿಂತವು. ಆಮೇಲೆ ತಿರುಗಿದವು. ಬಂದರಿನ ಕಡೆಯಿಂದ ನಮ್ಮ ಕಡೆಗೆ ಬರತೊಡಗಿದವು. ಅವುಗಳ ಹಿಂದೆ, ಅವಸರವಿಲ್ಲದೆ, ಹಸಿರು ಖಣದ ಗಂಟು ಬಂತು.

ಹೊಳೆ ಹಿಂದಕ್ಕೆ ಹರಿದದ್ದನ್ನು ನಾನು ಕಂಡವಳಲ್ಲ, ಕೇಳಿದವಳಲ್ಲ. ಉಡಿ ತಿರುಗಿ ಬಂದಿದೆ ಎಂದರೆ ಅರ್ಥ ಒಂದೇ, ಗಂಗವ್ವ ಒಲ್ಲೆ ಎಂದಿದ್ದಾಳೆ. ಗಾಜಿನ ಪೆಟ್ಟಿಗೆಯಲ್ಲಿ ಏರಿಳಿಯುತ್ತಿದ್ದ ಆ ಪುಟ್ಟ ಎದೆ ಕಣ್ಣ ಮುಂದೆ ಬಂತು. ಬೀಗ್ತಿಯನ್ನು ಎಬ್ಬಿಸಿದೆ.

"ಕೂಸು ನಿಮ್ಮ ಹಂತ್ಯಾಕ ಇರ್ಲಿ ಬೀಗ್ತಿ. ನಾ ಒಯ್ಯೂದಿಲ್ಲ. ಗಂಗವ್ವ ನನ್ನ ಉಡಿ ತಗೊಳ್ಳಿಲ್ಲ" ಎಂದೆ. ನಮ್ಮವರು ಎದ್ದು ಕೂತು ನನ್ನ ಮುಖ ನೋಡಿದರು. ಗಿರಿಜಾಳ ಕಣ್ಣು ತುಂಬಿದವು, ತವರಿಗೆ ಹೊರಟವಳಲ್ಲವೆ.

ನೀವು ಇಲ್ಲಿ ಸ್ವಲ್ಪ ನಿಲ್ಲಿ. ನಾಗವೇಣಿಗೆ ಬೇಕಾಗಿದ್ದದ್ದೂ ಅದೇ. ಆಕೆ ಹೂಂ ಎಂದಿದ್ದರೆ ಸಾಕಿತ್ತು. ನಾನು ಕೈಮುಗಿದು, ಕೂಸನ್ನು ಅವಳ ಮಡಿಲಿಗೆ ಹಾಕಿ, ಬಸ್ಸು ಹತ್ತುತ್ತಿದ್ದೆ. ತಪ್ಪೂ ಅವಳ ಮೇಲೆ ಬರುತ್ತಿರಲಿಲ್ಲ, ದೇವರ ಮೇಲೆ ಹೋಗುತ್ತಿತ್ತು. ಅವಳು ಮಲಗಿದ್ದ ಮೊಮ್ಮಗಳನ್ನು ಒಂದು ಸಲ ನೋಡಿದಳು. ನೋಡಿ, ದೋಣಿಯ ಗಳ ತೆಗೆದುಕೊಂಡು, ಬಗ್ಗಿ, ಗಂಟನ್ನು ಹತ್ತಿರಕ್ಕೆ ಎಳೆದಳು.

"ಎಂತಕ್ಕೆ ಹೆದರ್ತೀರಿ ಅಕ್ಕಾ? ಇದು ಭರತ. ಸಮುದ್ರ ಏರುವಾಗ ಹೊಳೆ ಹಿಂದೆ ಬರ್ತದೆ, ಇಳಿಯುವಾಗ ಮುಂದೆ ಹೋಗ್ತದೆ. ದಿನಾ ಹೀಗೇ. ನಮ್ಮ ನೀರಿಗೆ ಹೋಗೂದೂ ಗೊತ್ತು, ಬರೂದೂ ಗೊತ್ತು."

ಖಣವನ್ನು ಹಿಂಡಿದಳು. ನೀರು ತೊಟ್ಟಿಕ್ಕುವ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಮಂಡಿಯೂರಿದಳು.

"ಸೆರಗು ಒಡ್ಡಿ. ಅವಳು ಬ್ಯಾಡ ಅಂದದ್ದಲ್ಲ, ನಿಮಗೇ ಉಡಿ ತುಂಬಿಸ್ಲಿಕ್ಕೆ ಬಂದದ್ದು. ತುಂಬಿದ ಉಡಿಯಲ್ಲಿ ಮಗುವನ್ನು ಕರ್ಕೊಂಡು ಹೋಗಿ."

ನಾನು ಸೆರಗು ಒಡ್ಡಿದೆ. ಒದ್ದೆ ಗಂಟು ಬಿತ್ತು. ಆಮೇಲೆ ಅವಳು ಎಚ್ಚರಾದ ಕೂಸನ್ನು ಎತ್ತಿ, ಅದನ್ನೂ ಅದೇ ಸೆರಗಿಗೆ ಇಳಿಸಿದಳು. ಇಳಿಸುವಾಗ ಅವಳ ಕೈ ತಟಕ್ಕನೆ ಬಿಡಲಿಲ್ಲ. ನಾನೂ ಎಳೆಯಲಿಲ್ಲ. ನಾವಿಬ್ಬರು ಮುದುಕಿಯರು ಹಾಗೇ ಒಂದು ಕೂಸನ್ನು ಹಿಡಿದುಕೊಂಡು ಕೂತಿದ್ದೆವು. ದೇವಿದಾಸ ಹಗ್ಗ ಬಿಚ್ಚುವುದನ್ನು ಬಿಟ್ಟು ಬೇರೆ ಕಡೆ ಮುಖ ತಿರುಗಿಸಿಕೊಂಡ.

ಬಂದರು ಹೇಗಿತ್ತು ಎಂದು ಕೇಳಬೇಡಿ. ಕುದುರೆಗಳು ಇಳಿದ ಕಟ್ಟೆಯನ್ನು ಗಿರಿಜಾ ಬೆರಳು ಮಾಡಿ ತೋರಿಸಿದಳು, ನನಗೆ ಕಂಡದ್ದು ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದ ನಾಗವೇಣಿ ಮಾತ್ರ. ಬಸ್ಸು ತಿರುಗಿದ ಮೇಲೂ ಅವಳ ಕೈ ಇಳಿದಿರಲಿಕ್ಕಿಲ್ಲ.

ಈಗ ನಮ್ಮ ಪಡಸಾಲೆಯ ತೊಟ್ಟಿಲು ತುಂಬಿದೆ. ಬೆಕ್ಕಿಗೆ ಜಾಗ ತಪ್ಪಿದ ಸಿಟ್ಟು. ಉಡಿಯ ಕಾಯಿ ಒಡೆದು ಹೋಳಿಗೆಯ ಹೂರಣಕ್ಕೆ ಹಾಕಿ ಓಣಿಗೆಲ್ಲ ಹಂಚಿದೆ. ಹಸಿರು ಖಣದಲ್ಲಿ ಕೂಸಿನ ತಲೆಗೆ ಕುಂಚಿಗೆ ಹೊಲಿದೆ. ಅದರ ಅಂಚಿನಲ್ಲಿ ಸಮುದ್ರದ ಉಪ್ಪು ಬಿಳಿ ಗೆರೆಯಾಗಿ ಕೂತಿದೆ. ಒಗೆದರೆ ಹೋಗುತ್ತದೆ, ನಾನು ಒಗೆದಿಲ್ಲ.

ದಿನಾ ಸಂಜೆ ನಾಗವೇಣಿ ಫೋನು ಮಾಡುತ್ತಾಳೆ. "ಹ್ಯಾಗಿದೆ ಅಕ್ಕಾ?" ಎನ್ನುತ್ತಾಳೆ. "ಭರತ ಐತ್ರಿ" ಎನ್ನುತ್ತೇನೆ. ಅವಳು ನಗುತ್ತಾಳೆ.

ನಿನ್ನೆ ಗಿರಿಜಾ ಶಾಲೆಯ ಮಾತು ತೆಗೆದಳು. ಚೀಲಕ್ಕೆ ಬಟ್ಟೆ ಸೇರುತ್ತಿವೆ. ಮಗಳನ್ನು ಮದುವೆ ಮಾಡಿ ಕಳಿಸಿದ ದಿನ, ನಮ್ಮ ಹಳ್ಳದ ನೀರಿನಂತೆ ಹೋದಳು ಎಂದು ನಾನು ಬಾಗಿಲಲ್ಲಿ ಕುಸಿದು ಕೂತಿದ್ದೆ. ಈ ಸಲ ಕೂರುವುದಿಲ್ಲ. ಹೊಸ ಖಣ ತರಿಸಿದ್ದೇನೆ, ಹಿಡಿ ಅಕ್ಕಿ ತೆಗೆದಿಟ್ಟಿದ್ದೇನೆ. ಕೂಸು ಹೋಗುವಾಗ ಉಡಿಯ ಗಂಟು ಕಟ್ಟಿ ಗಿರಿಜಾಳ ಕೈಗೆ ಕೊಡುತ್ತೇನೆ, ಬಂದರಿನ ಹತ್ತಿರ ಭರತದ ಹೊತ್ತಿಗೆ ನೀರಿಗೆ ಬಿಡಲಿ. ದಂಡೆಯಲ್ಲಿ ನಾಗವೇಣಿ ಸೆರಗು ಒಡ್ಡಿ ಕಾಯುತ್ತಿರುತ್ತಾಳೆ.