ಮೊದಲು ತಿರುಗಿ ಹೇಳಿ, ಆಮೇಲೆ ಜಗಳ

ಕಡಲಿನ ಕಡೆ ಇನ್ನೂ ಕತ್ತಲೆ. ಉಪ್ಪುಂದದ ಆ ಸರಕಾರಿ ಶಾಲೆಯ ಏಳನೇ ತರಗತಿಯೊಳಗೆ ಮಾತ್ರ ಯಾರೋ ನೆಲದ ಮೇಲೆ ಬೆಂಚು ಎಳೆಯುತ್ತಿದ್ದಾರೆ. ಕರ್ರ್ ಎಂದು ಒಂದು ಬೆಂಚು, ಸ್ವಲ್ಪ ದಮ್ಮು, ಮತ್ತೆ ಕರ್ರ್. ಪಾಗಾರದ ಗೋಡೆಯ ಆಚೆಯ ಮನೆಯಲ್ಲಿ ಬಾಗಿ ಎಂಬ ಹೆಂಗಸು ಎದ್ದು ಒಲೆ ಹೊತ್ತಿಸುತ್ತಾರೆ. "ನಮ್ಗ್ ಅಲಾರಾಂ ಎಂತಕ್ಕೆ ಮರ್ರೆ? ಸೂರ ಮಾಷ್ಟ್ರ್ ಬೆಂಚ್ ಎಳ್ದ್ರ್ ಅಂದ್ರೆ ಗಂಜಿಗ್ ನೀರ್ ಇಡುದೇ."

ಸೂರ ಮಾಷ್ಟ್ರ ಮನೆ ತ್ರಾಸಿಯಲ್ಲಿ. ಮೊದಲ ಬಸ್ಸು ಹಿಡಿದರೆ ಶಾಲೆಗೆ ತೀರಾ ಬೇಗ, ಎರಡನೆಯದು ಹಿಡಿದರೆ ತೀರಾ ತಡ. ಅವರು ಬೇಗವನ್ನೇ ಆರಿಸಿಕೊಂಡು ಬಂದು, ಸಾಲಾಗಿರುವ ಬೆಂಚುಗಳನ್ನು ದುಂಡಗೆ ಜೋಡಿಸುತ್ತಾರೆ. ಸಂಜೆ ಬಿಸಿಯೂಟದ ಅಡುಗೆಯ ಬೇಬಿ ಗುಡಿಸುವಾಗ ಅವನ್ನು ಮತ್ತೆ ಸಾಲಾಗಿ ಇಡುತ್ತಾರೆ. ಬೆಳಿಗ್ಗೆ ಮತ್ತೆ ದುಂಡಗೆ. ವರ್ಷಗಳಿಂದ ಇದು ಹೀಗೇ ನಡೆದಿದೆ. ಲೋಕದ ಎಲ್ಲ ವಿಷಯವನ್ನೂ ಚರ್ಚೆಗೆ ಇಡುವ ಮಾಷ್ಟ್ರು ಇದೊಂದನ್ನು ಮಾತ್ರ ಬೇಬಿಯ ಹತ್ತಿರ ಎತ್ತಿಲ್ಲ.

ಗಂಟೆ ಹೊಡೆಯುತ್ತದೆ, ಮಕ್ಕಳು ಬರುತ್ತಾರೆ. ಮಾಷ್ಟ್ರು ಪುಸ್ತಕ ತೆರೆಯುವುದಿಲ್ಲ. "ಕಡ್ಲ್ ಇಪ್ಪುದ್ ಅಲ್ಲೇ. ನಮ್ ಶಾಲಿ ಬಾವಿ ನೀರ್ ಸಿಹಿ ಎಂತಕ್ಕೆ?" ಎಂದು ಕೇಳಿ ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಾರೆ.

"ಹೊಯ್ಗೆ ಉಪ್ಪನ್ನ ಸೋಸತ್ತ್," ಎನ್ನುತ್ತಾನೆ ರೋಹಿತ್, ಅಂಗಳದ ಮರಳು ತೋರಿಸಿ.

ಎದುರು ಬೆಂಚಿನ ಪ್ರಜ್ಞಾ ಎದ್ದು ನಿಲ್ಲುತ್ತಾಳೆ. ಆದರೆ ಈ ತರಗತಿಯಲ್ಲಿ ಎದ್ದ ಕೂಡಲೇ ಎದುರು ಮಾತಾಡುವ ಹಾಗಿಲ್ಲ. ಮೊದಲು ಎದುರಿನವರು ಹೇಳಿದ್ದನ್ನು ತಿರುಗಿ ಹೇಳಬೇಕು. ಅವರು ಹೌದೆಂದ ಮೇಲೆ ಜಗಳ.

"ನೀ ಹೇಳುದ್, ನೀರ್ ಹೊಯ್ಗೆಯೊಳ್ಗೆ ಬಪ್ಪತ್ತಿಗೆ ಉಪ್ಪ್ ಅಲ್ಲೇ ಉಳೀತ್ ಅಂದೇಳಿ. ಅಲ್ದಾ?"

"ಹೌದ್."

"ಹಾಂಗಾರೆ ನಿನ್ ಅಬ್ಬಿ ಸಾರಿಗ್ ಉಪ್ಪ್ ಜಾಸ್ತಿ ಹಾಕ್ರೆ ಹೊಯ್ಗೆಯಂಗೆ ಸೋಸಿ ಬಡಿಸ್ತ್ರಾ?"

ಕಿಟಕಿಯಾಚೆಯಿಂದ ಬೇಬಿಯ ತಲೆ ಒಳಗೆ ಬರುತ್ತದೆ. "ಹ್ವಾಯ್, ಉಪ್ಪಿನ ಸುದ್ದಿ ನನ್ ಹತ್ರ ಕೇಣಿ!" ಉತ್ತರ ಹೇಳುವುದಕ್ಕೆ ಮೊದಲು ಅವರೂ ಪ್ರಜ್ಞಾ ಹೇಳಿದ್ದನ್ನು ತಿರುಗಿ ಹೇಳಬೇಕಾಗುತ್ತದೆ. ಕೊನೆಗೆ ಅಡುಗೆ ಕೋಣೆಯಿಂದಲೇ ಒಂದು ಲೋಟ ಉಪ್ಪುನೀರು ಬರುತ್ತದೆ. ಅದರ ಮೇಲೆ ಆರಿದ ಕಪ್ಪು ಚಾ ಮೆಲ್ಲಗೆ ಹೊಯ್ದರೆ ಚಾ ಮೇಲೆಯೇ ನಿಲ್ಲುತ್ತದೆ. ಮಳೆನೀರು ಉಪ್ಪುನೀರಿನ ಮೇಲೆ ಹೀಗೇ ಕೂತಿರುತ್ತದೆ ಎಂದು ಮೊದಲು ಹೇಳಿದವನು ಸೋತ ರೋಹಿತನೇ. ಮಾಷ್ಟ್ರು ಹೇಳಲಿಲ್ಲ.

ವಿಜ್ಞಾನಕ್ಕೆ ಬಾವಿಯಾದರೆ ಲೆಕ್ಕಕ್ಕೆ ಬಂಗುಡೆ ಮೀನು. ತಲೆ ಕಡೆಯ ಅರ್ಧ, ಬಾಲದ ಕಡೆಯ ಅರ್ಧ, ಎರಡೂ ಅರ್ಧವೇ ಹೌದೋ ಎಂಬುದು ಎರಡು ದಿನ ಎಳೆದ ಪ್ರಶ್ನೆ. ಸಮಾಜ ಪಾಠದಲ್ಲಿ ಪಂಚಾಯಿತಿ ನಡೆಯುತ್ತದೆ, ಕನ್ನಡ ಪಾಠದಲ್ಲಿ ಕಥೆಯೊಳಗಿನ ನರಿಗೂ ಒಬ್ಬ ವಕೀಲ ಸಿಗುತ್ತಾನೆ.

ಈ ವಿದ್ಯೆ ಮಾಷ್ಟ್ರಿಗೆ ಬಂದದ್ದು ಮುಂಬೈಯ ಹೋಟೆಲಿನಿಂದ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಹೋದವರು ಬೈಂದೂರು ಕಡೆಯ ಧಣಿಯೊಬ್ಬರ ಹೋಟೆಲಿನಲ್ಲಿ ಮೊದಲು ಪ್ಲೇಟು ತೊಳೆದರು, ಆಮೇಲೆ ಟೇಬಲ್ ನೋಡಿಕೊಂಡರು. ಶಾಲೆ ನೋಡಲು ಹೋದ ನನಗೆ ಅವರೇ ಹೇಳಿದ್ದು: "ಗಿರಾಕಿ ಹೇಳಿದ್ದನ್ನ ಅವ್ರ ಎದ್ರಿಗೇ ತಿರ್ಗಿ ಹೇಳ್ಕ್. ಅವ್ರ್ ಹೌದ್ ಅಂದ್ರೆ ಮಾತ್ರ ಒಳ್ಗ್ ಹೋಪುದ್. ಇಲ್ದಿದ್ರೆ ಉಪ್ಪಿಟ್ಟ್ ಕೇಂಡವ್ರಿಗ್ ಇಡ್ಲಿ, ನಮ್ಗ್ ಬೈಗ್ಳ. ಲೋಕದಂಗೆ ಜಗಳ ಆಪುದೂ ಹಾಂಗೇ ಅಲ್ದಾ ಅಮ್ಮ? ಅವ್ರ್ ಕೇಂಡದ್ದ್ ಒಂದ್, ನಾವ್ ತಂದ್ ಇಡುದ್ ಇನ್ನೊಂದ್."

ಹೋಟೆಲು ಮುಚ್ಚಿದ ಮೇಲೆ ಕನ್ನಡದ ರಾತ್ರಿ ಶಾಲೆ. ಅಲ್ಲಿನ ನಿದ್ದೆ ಎಂಥದೆಂದು ಅಂಥ ಶಾಲೆಗಳನ್ನು ಕಂಡ ನನಗೂ ಗೊತ್ತು. ಹಗಲಿಡೀ ದುಡಿದವರ ಕಣ್ಣಿಗೆ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ. ಅಲ್ಲಿನ ಮೇಷ್ಟ್ರೊಬ್ಬರು ಅದಕ್ಕೆ ಮದ್ದು ಕಂಡುಹಿಡಿದಿದ್ದರಂತೆ. "ಪಾಠ ಮಾಡ್ರೆ ಎಲ್ಲ ಮನ್ಕಂತಿದ್ರ್. ಜಗಳ ಹಚ್ಚಿ ಬಿಟ್ರೆ ಒಬ್ಬನಿಗೂ ನಿದ್ರಿ ಬತ್ತಿಲ್ಲೆ," ಎಂದು ಸೂರ ಮಾಷ್ಟ್ರು ನಗುತ್ತಾರೆ. ಮುಂದೆ ಶಿಕ್ಷಕರ ತರಬೇತಿ ಮುಗಿಸಿ, ಆ ಮದ್ದಿಗೆ ಹೋಟೆಲಿನ ಕಟ್ಟುನಿಟ್ಟು ಬೆರೆಸಿ ಊರಿಗೆ ತಂದರು.

ಊರು ಮಾತ್ರ ಅಷ್ಟು ಬೇಗ ಕುಡಿಯಲಿಲ್ಲ. 1997ರಲ್ಲಿ ಬ್ರಹ್ಮಾವರದ ಕಡೆ ಮೊದಲ ಶಾಲೆ. ಗಲಾಟೆ ಹೆಚ್ಚಾಯಿತೆಂದು ಕಳಿಸಿದರು. ಆಮೇಲೆ ತಲ್ಲೂರಿನ ಹತ್ತಿರ ಇನ್ನೊಂದು, ಅಲ್ಲೂ ಅದೇ ದೂರು. ಉಪ್ಪುಂದಕ್ಕೆ ಬರುವಾಗ ಅವರು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದರು. ಇಲ್ಲಿಂದಲೂ ಕಳಿಸಿದರೆ ಮುಂದಿನ ಶಾಲೆಯಲ್ಲಿ ಬೆಂಚು ಮುಟ್ಟುವುದಿಲ್ಲ. ಬೋರ್ಡಿನ ಮೇಲೆ ಬರೆಯುವುದು, ಮಕ್ಕಳಿಂದ ಬರೆಸುವುದು, ಮನೆಗೆ ಹೋಗುವುದು.

2009ರ ಜುಲೈಯಲ್ಲಿ ಆ ದಿನ ಬಂದೇಬಿಟ್ಟಿತು. ಶಾಲಾ ಸಮಿತಿಯ ಅಧ್ಯಕ್ಷರು ದುಗ್ಗಪ್ಪ, ತೆಂಗಿನಕಾಯಿ ವ್ಯಾಪಾರಿ. ಮಗಳು ಪ್ರಣೀತಾ ಏಳನೆಯಲ್ಲಿ. ಮಾಷ್ಟ್ರನ್ನು ಬೇರೆ ಕಡೆ ಕಳಿಸಿ ಎಂಬ ಅರ್ಜಿಗೆ ಅರ್ಧ ಊರಿನ ಸಹಿ ಹಾಕಿಸಿ, ಬೈಂದೂರಿನ ಶಿಕ್ಷಣ ಕಚೇರಿಗೆ ಕೊಡುವ ಮೊದಲು ಪಾಲಕರ ಸಭೆ ಕರೆದರು. ಮಗಳ ನೋಟ್ಸು ಖಾಲಿ ಎಂಬುದು ಹೊರಗೆ ಹೇಳುವ ಕಾರಣ. ಒಳಗಿನದನ್ನು ಅವರ ಹೆಂಡತಿ ಸುಗುಣ ನನಗೆ ಹೇಳಿದರು. "ಇವ್ರ್ ನನ್ ಮೇಲೆ ಕೂಗುಕ್ ಶುರು ಮಾಡ್ರೆ ಹೆಣ್ಣ್ ಮಧ್ಯ ಬತ್ತ್. ಅಪ್ಪಯ್ಯ, ಅಬ್ಬಿ ಹೇಳಿದ್ದನ್ನ ಮೊದ್ಲ್ ತಿರ್ಗಿ ಹೇಳಿ, ಮತ್ತೆ ಕೂಗಿ ಅಂತ್. ಮದಿ ಆದಂದಿನಿಂದ ನಾ ಹೇಳಿದ್ದ್ ಮಾತ್ ಅವ್ರ್ ಬಾಯಂಗೆ ಕೇಂಡದ್ದ್ ಅದೇ ಸುರು!"

ಸಭೆಯಲ್ಲಿ ದುಗ್ಗಪ್ಪ ಮೇಜು ಗುದ್ದಿ ಮಾತಾಡಿ ಕೂತರು. ಸೂರ ಮಾಷ್ಟ್ರು ಎದ್ದರು. ಅಭ್ಯಾಸ ಬಿಡಬೇಕಲ್ಲ, ಮೊದಲು ದೂರನ್ನು ತಿರುಗಿ ಹೇಳತೊಡಗಿದರು. "ನೀವ್ ಹೇಳುದ್, ನೋಟ್ಸ್ ಖಾಲಿ. ಗಲಾಟೆಗೆ ಆಚಿ ಕೋಣಿ ಮಕ್ಳಿಗ್ ಮಗ್ಗಿ ಕೇಣುದಿಲ್ಲೆ. ನಾಳೆ ಪರೀಕ್ಷೆ ಬರೆಯುಕ್ ಇಪ್ಪುದ್ ಕೈಯಂಗೆ, ಬಾಯಂಗಲ್ಲ. ಅಲ್ದಾ?"

"ಹೌದ್."

"ಒಂದ್ ನೀವ್ ಬಿಟ್ರಿ. ಮಾತಾಡುಕ್ ಹೆದ್ರುವ ಮಕ್ಳ್ ನನ್ ಕ್ಲಾಸಂಗೆ ಹಿಂದೆ ಬೀಳ್ತೊ. ಅದನ್ನೂ ಸೇರ್ಸ್ಕಣಿ."

ಸಭೆ ತಲೆದೂಗಿತು. ದುಗ್ಗಪ್ಪನವರು ಹೇಳಿದಾಗ ಅರ್ಧಂಬರ್ಧ ಇದ್ದವರಿಗೂ ಈಗ ದೂರು ಪೂರ್ತಿ ಮನದಟ್ಟಾಯಿತು. ಹಿಂದಿನ ಬೆಂಚಿನಿಂದ ಕರಿಯ ಎಂಬವರು, "ಹಾಂಗಾರೆ ಇವ್ರನ್ನ ಕಳ್ಸುದೇ ಒಳ್ಳೇದ್ ಮರ್ರೆ," ಎಂದು, ಅದುವರೆಗೆ ಹಾಕದಿದ್ದ ಸಹಿ ಹಾಕಲು ಪೆನ್ನು ಕೇಳಿದರು. ಮುಖ್ಯೋಪಾಧ್ಯಾಯಿನಿ ಗಿರಿಜಾ ಹಣೆಗೆ ಕೈ ಹಚ್ಚಿಕೊಂಡರು.

"ಈಗ ನಂದ್ ಒಂದೇ ಮಾತ್," ಎಂದರು ಮಾಷ್ಟ್ರು. "ಬರ್ಕಂಡದ್ದ್ ಪುಸ್ತಕದಂಗೆ ಇರತ್ತ್. ಜಗಳ ಮಾಡಿ ಗೆದ್ದದ್ದ್ ತಲಿಯಂಗ್ ಇರತ್ತ್. ಸೋತದ್ದ್ ಇನ್ನೂ ಗಟ್ಟಿ ಇರತ್ತ್."

ದುಗ್ಗಪ್ಪ ಉತ್ತರಕ್ಕೆ ಎದ್ದದ್ದೇ ತಡ, ಬಾಗಿಲ ಹತ್ತಿರ ನಿಂತಿದ್ದ ಪ್ರಣೀತಾ, "ಅಪ್ಪಯ್ಯ, ಮೊದ್ಲ್ ತಿರ್ಗಿ ಹೇಳ್ಕ್!" ಎಂದಳು.

"ಮಾಷ್ಟ್ರ್ ನೋಟ್ಸ್ ಬ್ಯಾಡ ಅಂದ್ರ್."

"ಅಲ್ಲ," ಎಂದರು ಮಾಷ್ಟ್ರು.

"ಮಕ್ಳ್ ಜಗಳ ಆಡ್ಕ್ ಅಂದ್ರ್."

"ಕಾಲ್ ಭಾಗ ಸರಿ."

ದುಗ್ಗಪ್ಪ ಬೆವರು ಒರೆಸಿಕೊಂಡರು. ಸಭೆಯನ್ನು ನೋಡಿದರು, ಸುಗುಣರನ್ನು ನೋಡಿದರು. "ಹ್ವಾಯ್ ಮಾಷ್ಟ್ರೇ, ಇನ್ನೊಂದ್ಸಲ ಹೇಳಿ. ಆಗ ನಾ ಕೇಂಡದ್ದೇ ಇಲ್ಲೆ."

ಹೆಂಗಸರ ಕಡೆಯಿಂದ ಎದ್ದ ನಗೆ ಹೆಂಚಿಗೆ ಮುಟ್ಟಿತು. ಮಾಷ್ಟ್ರು ನಗದೆ ಮತ್ತೊಮ್ಮೆ ಹೇಳಿದರು. ದುಗ್ಗಪ್ಪ ಒಂದೊಂದೇ ಮಾತು ಹೆಕ್ಕಿ ತಿರುಗಿ ಹೇಳಿದರು. ಕೊನೆಯ "ಸೋತದ್ದ್ ಇನ್ನೂ ಗಟ್ಟಿ" ಎನ್ನುವಲ್ಲಿ ನಿಂತುಬಿಟ್ಟರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡಂತೆ, "ಕಾಯಿ ಬಡ್ದ್ ಒಳ್ಳೇದಾ ಕಾಂಬುದನ್ನ ನಾ ಕಲ್ತದ್ದೂ ಹಾಂಗೇ. ತಲ್ಲೂರಂಗೆ ಒಬ್ಬನ ಹತ್ರ ವಾದಕ್ ಬಿದ್ದ್ ಸೋತಿದ್ದೆ. ಅವ್ನ ಮುಖ ಇನ್ನೂ ಮರ್ತಿಲ್ಲೆ," ಎಂದರು.

ಒಪ್ಪಿದರೆಂದಲ್ಲ. ಅರ್ಜಿಯನ್ನು ಹರಿಯಲಿಲ್ಲ, ಮಡಚಿ ಕಿಸೆಗೆ ಹಾಕಿಕೊಂಡರು. ಚರ್ಚೆ ಮುಗಿದ ಮೇಲೆ ಮಕ್ಕಳು ತಮ್ಮ ಮಾತಿನಲ್ಲೇ ನೋಟ್ಸು ಬರೆಯಬೇಕು, ಹೆದರುವ ಮಕ್ಕಳಿಗೆ ಮೊದಲ ಮಾತು ಕೊಡಬೇಕು ಎಂದು ಷರತ್ತು ಹಾಕಿದರು. ಮಾಷ್ಟ್ರು ಅದನ್ನೂ ತಿರುಗಿ ಹೇಳಿ ಒಪ್ಪಿಕೊಂಡರು. ಕರಿಯರಿಗೆ ಪೆನ್ನು ಸಿಕ್ಕಿದ್ದು ಆಗ.

ಈಗ ಷರತ್ತು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಲು ದುಗ್ಗಪ್ಪ ದಿನವೂ ಕಿಟಕಿಗೆ ಬರುತ್ತಾರೆ. ನಾನು ಹೋಗಿದ್ದಾಗ ಬಂಗುಡೆಯ ಅರ್ಧದ ವಾದ ಇನ್ನೂ ಮುಗಿದಿರಲಿಲ್ಲ. ಅವರು ಸುಮ್ಮನಿರಲಾರದೆ, "ಕಾಯಿ ಒಡ್ದ್ರೆ ಕಣ್ಣಿನ ಬದಿ ಹೋಳ್, ಮತ್ತೊಂದ್ ಹೋಳ್, ಎರ್ಡೂ ಸಮ ಅಂತ್ರಿಯಾ?" ಎಂದು ನಡುವೆ ಬಾಯಿ ಹಾಕಿದರು. "ದುಗ್ಗಪ್ಪಣ್ಣ, ಮೊದ್ಲ್ ನಾ ಹೇಳಿದ್ದ್ ತಿರ್ಗಿ ಹೇಳಿ," ಎಂದ ರೋಹಿತ್. ರಸ್ತೆಯಲ್ಲಿ ಅವರ ಕಾಯಿಯ ಲಾರಿ ಹಾರ್ನ್ ಹಾಕುತ್ತಲೇ ಇತ್ತು.

ಮರುದಿನ ಬೆಳಕು ಹರಿಯುವ ಮೊದಲು ಮಾಷ್ಟ್ರ ಜೊತೆ ಬೆಂಚಿನ ಇನ್ನೊಂದು ತುದಿ ಹಿಡಿದು, ಆಸೆ ಏನಾದರೂ ಉಂಟೇ ಎಂದು ಕೇಳಿದೆ.

"ರಿಟೈರ್ ಆಪುದ್ರೊಳ್ಗೆ ಒಂದ್ ದಿನ ನಂಗೆ ಬಸ್ ತಪ್ಕ್ ಅಮ್ಮ. ನಾ ತಡ ಆಯ್ ಬಪ್ಪತ್ತಿಗೆ ಮಕ್ಳೇ ಬೆಂಚ್ ಎಳ್ದ್, ಪ್ರಶ್ನೆಯನ್ನೂ ಅವ್ರೇ ಹಾಕ್ಕಂಡ್ ಗಲಾಟೆ ಮಾಡ್ತಾ ಇರ್ಕ್. ನಾ ಒಳ್ಗ್ ಬಂದದ್ದ್ ಒಬ್ರಿಗೂ ಗೊತ್ತಾಪುಕಾಗ."

ಒಳ್ಳೆಯ ಆಸೆ ಎನ್ನಲು ಬಾಯಿ ತೆರೆದೆ. ಮಾಷ್ಟ್ರು ಕೈ ಅಡ್ಡ ಹಿಡಿದರು. "ನಾ ಹೇಳಿದ್ದ್ ಎಂತ? ತಿರ್ಗಿ ಹೇಳಿ ಕಾಂಬ."

ಹೇಳಿದೆ. ಬಸ್ಸು ತಪ್ಪಬೇಕು ಎಂಬುದನ್ನು ಬಿಟ್ಟಿದ್ದೆ. ಅದನ್ನು ಸೇರಿಸಿ ಮತ್ತೊಮ್ಮೆ ಹೇಳಿಸಿದರು.

"ಹ್ಞಾಂ, ಅದೇ," ಎಂದು ಮುಂದಿನ ಬೆಂಚಿಗೆ ಕೈ ಹಾಕಿದರು. ಪಾಗಾರದ ಆಚೆ ಬಾಗಿಯ ಒಲೆ ಹೊಗೆಯಾಡಿತು.