ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ವಲಸೆ ಬಂದ ಹೆಂಗಸರ ಕಲಾಪ್ರದರ್ಶನಕ್ಕೆ ನನ್ನ ಕೌದಿ ಆಯ್ಕೆಯಾಗಿತ್ತು. ವಯಸ್ಸು ಐವತ್ತರ ಹತ್ತಿರ ಬಂದಾಗ ನನ್ನ ಕೆಲಸ ತೂಗುಹಾಕಲು ಸಿಕ್ಕ ಮೊದಲ ಗೋಡೆ. ಸುಳ್ಳು ಯಾಕೆ ಹೇಳಲಿ, ಆ ಗೋಡೆ ನನಗೆ ಬಹಳ ಬೇಕಿತ್ತು. ಈ ದೇಶಕ್ಕೆ ಬಂದಾಗಿನಿಂದ ಒಬ್ಬರ ಹೆಂಡತಿ, ಒಬ್ಬಳ ಮಮ್ಮಿ, ಉಳಿದವರಿಗೆಲ್ಲ ಆಂಟಿ. ಅಷ್ಟೇ ಆಗಿದ್ದೆ.

ತೀರಿಹೋದ ಅವ್ವನ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಅದು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡುತ್ತಿದ್ದರು. ಹೊದೆಯುವ ಕೌದಿ ಹಸಿದಿರಬಾರದು ಅಂತ. ನಾನೂ ಇಟ್ಟೆ. ಕೊನೆಯ ಸಲ ಊರಿಗೆ ಹೋದಾಗ ಅವ್ವ ಸೂಟ್‌ಕೇಸಿಗೆ ತುಂಬಿಕೊಟ್ಟಿದ್ದ ಕಡಕ್ ರೊಟ್ಟಿಯಲ್ಲಿ ಉಳಿದಿದ್ದ ಕೊನೆಯ ಚೂರು.

ಕೌದಿ ತೂಗುಹಾಕುವ ದಿನ ಪ್ರದರ್ಶನ ನೋಡಿಕೊಳ್ಳುವ ಕ್ಯೂರೇಟರ್ ಮುಂದೆ ಇದನ್ನೇ ಹೆಮ್ಮೆಯಿಂದ ಹೇಳಿಬಿಟ್ಟೆ. ಪೆರುವಿನಿಂದ ಬಂದವಳು, ಒಳ್ಳೆಯವಳು. ಅವಳ ಮುಖ ಸಣ್ಣದಾಯಿತು.

"ತಿನ್ನೋ ಪದಾರ್ಥ ಇದ್ರೆ ಹುಳ ಬರುತ್ತೆ. ಪಕ್ಕದಲ್ಲಿ ಬೇರೆಯವರ ಉಣ್ಣೆ ಕೆಲಸ ಇದೆ. ನಮ್ಮಜ್ಜಿ ಇದ್ದಿದ್ರೂ ಹೀಗೇ ಇಡ್ತಿದ್ಲು, ಆದ್ರೆ ನಾನು ಬಿಡೋಕಾಗಲ್ಲ. ತೆಗೀತೀರಾ?"

ಜೊತೆಗೆ ಬಂದಿದ್ದ ಮಗಳು ಕಿವಿಯಲ್ಲಿ ಅಂದಳು, "ಜಸ್ಟ್ ಟೇಕ್ ಇಟ್ ಔಟ್, ಮಮ್ಮಿ. ನೋಬಡಿ ವಿಲ್ ನೋ."

"ನನಗ ಗೊತ್ತಿರ್ತದಲ್ಲವಾ."

ಹಾಗಂದವಳೇ ಕತ್ತರಿ ಇಸಿದುಕೊಂಡೆ. ಗೋಡೆ ಬೇಕಿತ್ತಲ್ಲ.

ಮೂಲೆ ಬಿಚ್ಚಿದರೆ ಒಳಗೆ ರೊಟ್ಟಿಯ ಚೂರು ಇರಲಿಲ್ಲ. ಕೌದಿಯನ್ನು ಮಡಚಿ, ಬಿಡಿಸಿ, ಹೊತ್ತು ತಂದದ್ದರಲ್ಲಿ ಅದು ಪುಡಿಯಾಗಿ ಪದರಗಳೊಳಗೆ ಇಳಿದಿತ್ತು. ಸ್ವಲ್ಪ ಅಂಗೈಗೆ ಬಿತ್ತು. ಉಳಿದದ್ದು ಬೇಕೆಂದರೆ ಇಡೀ ಕೌದಿ ಬಿಚ್ಚಬೇಕು.

"ವ್ಯಾಕ್ಯೂಮ್ ಮಾಡಿ ನೋಡೋಣ್ವಾ?" ಕ್ಯೂರೇಟರ್ ಮೆಲ್ಲಗೆ ಕೇಳಿದಳು. ಅವಳಿಗೂ ಸಂಕಟ, ಕಾಣುತ್ತಿತ್ತು.

ಅವ್ವ ಬಡಿದ ರೊಟ್ಟಿ. ಅವಳ ಕೈಯದು ಅಂತ ಈ ದೇಶದಲ್ಲಿ ನನ್ನ ಹತ್ತಿರ ತಿನ್ನುವಂಥದ್ದು ಬೇರೆ ಏನೂ ಉಳಿದಿಲ್ಲ. ಅದನ್ನು ಮಷೀನಿಗೆ ಎಳೆಸಲೇ?

"ಬೇಡ. ಇನ್ನೊಬ್ಬರಿಗೆ ಗೋಡೆ ಕೊಡಿ," ಅಂದೆ. ಅಂಗೈಯ ಪುಡಿಯನ್ನು ಒಳಗೆ ಸುರಿದು, ಮೂಲೆಗೆ ಪಿನ್ ಹಾಕಿದೆ.

ಟ್ರೇನಿನಲ್ಲಿ ಕೌದಿ ನಮ್ಮಿಬ್ಬರ ತೊಡೆಯ ಮೇಲಿತ್ತು. ಮಗಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಸೋ ಯು ಆರ್ ನಾಟ್ ಇನ್ ದ ಶೋ."

"ಇಲ್ಲ."

ಅವಳು ಪಿನ್ ಹಾಕಿದ ಮೂಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಪುಡಿ ಉದುರದಂತೆ ಮುಷ್ಟಿಯಲ್ಲಿ ಹಿಡಿದಳು. ನಾವು ಇಳಿಯುವ ಮೆಟುಚೆನ್ ಸ್ಟೇಷನ್ ಬರುವವರೆಗೂ ಬಿಡಲಿಲ್ಲ.